ಮೊಣಕೈ ಶಸ್ತ್ರಚಿಕಿತ್ಸೆಯ ನಂತರ ನಾಯಿಯ ಕುಂಟು: ಯಾವುದು ಸಹಜ, ಯಾವುದು ಎಚ್ಚರಿಕೆ

ನಾಯಿಯ ಮುಂಗಾಲಿನ ಮೊಣಕೈ ಕೀಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರು ತಿಂಗಳೊಪ್ಪತ್ತಿನಲ್ಲಿ ಸ್ಥಳೀಯ ಪಶುವೈದ್ಯರ ಮುಂದಿಡುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: “ಆಪರೇಶನ್ ಆತು, ಹೊಲಿಗಿನೂ ಬಿಚ್ಚಿದ್ರು, ಮತ್ಯಾಕ ಇನ್ನೂ ಕುಂಟಾಕತ್ತೈತ್ರೀ ಡಾಕ್ಟರ್ರ?” ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಈ ಪ್ರಶ್ನೆಗೆ ಇನ್ನೊಂದು ತೊಡಕೂ ಸೇರಿಕೊಂಡಿದೆ. ಕೀಲಿನೊಳಗೆ ಕ್ಯಾಮೆರಾ ಇಳಿಸಿ ಮಾಡುವ ಆರ್ತ್ರೋಸ್ಕೋಪಿ ಮತ್ತು ಸಿಟಿ ಸ್ಕ್ಯಾನ್‌ಗಾಗಿ ಹಲವರು ಬೆಂಗಳೂರು, ಪುಣೆ, ಮುಂಬೈ ಕಡೆಗೆ ಹೋಗಿ ಬಂದಿರುತ್ತಾರೆ. ಕತ್ತರಿ ಹಿಡಿದ ವೈದ್ಯರು ನೂರಾರು ಕಿಲೋಮೀಟರ್ ದೂರದಲ್ಲಿದ್ದಾಗ, ನಾಯಿಯ ಕುಂಟನ್ನು ದಿನದಿನವೂ ಗಮನಿಸುವ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ. ಆದ್ದರಿಂದ ಏನನ್ನು ನೋಡಬೇಕು, ನೋಡಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ತಿಳಿದಿರಬೇಕಾಗುತ್ತದೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಶಸ್ತ್ರಚಿಕಿತ್ಸೆಯಾದ ನಾಯಿ ಕುಂಟುತ್ತಿದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕುಂಟು ವಾರದಿಂದ ವಾರಕ್ಕೆ ಇಳಿಯುತ್ತಿದೆಯೇ, ನಿಂತಲ್ಲೇ ನಿಂತಿದೆಯೇ, ಇಳಿದದ್ದು ಮತ್ತೆ ಏರುತ್ತಿದೆಯೇ ಎಂಬುದನ್ನು ತಿಳಿದವರಿಗೆ ಮುಕ್ಕಾಲು ಪಾಲು ಉತ್ತರ ಸಿಕ್ಕಂತೆಯೇ ಸರಿ.

ಮೊಣಕೈಯಲ್ಲಿ ಮೂರು ಎಲುಬುಗಳು ಕೂಡುತ್ತವೆ. ಮೇಲಿನಿಂದ ತೋಳಿನ ಎಲುಬಾದ ಹ್ಯೂಮರಸ್ ಇಳಿದು ಬರುತ್ತದೆ. ಕೆಳಗಿನಿಂದ ರೇಡಿಯಸ್ ಮತ್ತು ಅಲ್ನಾ ಎಂಬ ಜೋಡಿ ಎಲುಬುಗಳು ಅದನ್ನು ಹೊತ್ತು ನಿಲ್ಲುತ್ತವೆ. ಭಾರವನ್ನು ಈ ಎರಡು ಎಲುಬುಗಳು ಹೆಚ್ಚುಕಡಿಮೆ ಸಮವಾಗಿ ಹಂಚಿಕೊಳ್ಳಬೇಕು. ನಾಯಿ ಸುಮ್ಮನೆ ನಿಂತಾಗಲೂ ಅದರ ತೂಕದ ಸುಮಾರು ಶೇಕಡ 60 ಭಾಗ ಮುಂಗಾಲುಗಳ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಒಂದು ಮುಂಗಾಲಿನ ಮೇಲೆ ಇಡೀ ಮೈತೂಕದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಬಲ ಬೀಳುತ್ತದೆ. ಇಷ್ಟು ಬಿಗಿಯಾಗಿ ಒಂದಕ್ಕೊಂದು ಹೊಂದಿಕೊಂಡ ಕೀಲಿನಲ್ಲಿ ಒಂದೆರಡು ಮಿಲಿಮೀಟರ್ ಏರುಪೇರಾದರೂ ಅದರ ಫಲ ಮೃದ್ವಸ್ಥಿಯ ಮೇಲೆ ಬೀಳುತ್ತದೆ. ಎಲುಬಿನ ತುದಿಗಳನ್ನು ಹೊದ್ದಿರುವ ಆ ನುಣುಪಾದ ಪದರ ಒಮ್ಮೆ ಸವೆದರೆ ಮೊದಲಿನ ಗುಣದಲ್ಲಿ ಮತ್ತೆ ಬೆಳೆಯುವುದಿಲ್ಲ.

ಮೊಣಕೈ ಶಸ್ತ್ರಚಿಕಿತ್ಸೆಗೆ ಬರುವ ನಾಯಿಗಳಲ್ಲಿ ಎರಡು ಬಗೆ. ಒಂದು, ಬೆಳೆಯುವ ವಯಸ್ಸಿನಲ್ಲಿಯೇ ಕೀಲು ಸರಿಯಾಗಿ ರೂಪುಗೊಳ್ಳದ ನಾಯಿಗಳು. ವೈದ್ಯರು ಇದನ್ನು ಎಲ್ಬೋ ಡಿಸ್ಪ್ಲೇಸಿಯಾ ಎನ್ನುತ್ತಾರೆ. ಬೆಳಗಾವಿಯ ಟಿಳಕವಾಡಿಯಲ್ಲೋ ಕ್ಯಾಂಪ್ ಪ್ರದೇಶದಲ್ಲೋ ಬೆಳಗಿನ ಹೊತ್ತು ಕಾಣಸಿಗುವ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್, ಜರ್ಮನ್ ಶೆಫರ್ಡ್‌ಗಳೆಲ್ಲ ಈ ದೋಷಕ್ಕೆ ಹೆಸರಾದ ತಳಿಗಳೇ. ಸಾಮಾನ್ಯವಾಗಿ ನಾಲ್ಕರಿಂದ ಹತ್ತು ತಿಂಗಳ ವಯಸ್ಸಿನೊಳಗೆ ಮೊದಲ ಕುಂಟು ಕಾಣಿಸಿಕೊಳ್ಳುತ್ತದೆ. ಅಲ್ನಾ ಎಲುಬಿನ ಒಳಬದಿಯಲ್ಲಿರುವ ಕೊರೊನಾಯ್ಡ್ ಎಂಬ ಸಣ್ಣ ಚಾಚು ಬಿರುಕು ಬಿಡುವುದು ಅಥವಾ ಚೂರಾಗುವುದು ಇದರಲ್ಲಿ ಅತಿ ಸಾಮಾನ್ಯ. ಹ್ಯೂಮರಸ್‌ನ ಕೆಳತುದಿಯ ಒಳಬದಿಯ ಉಬ್ಬಾದ ಒಳಗೆಣ್ಣಿನಿಂದ ಮೃದ್ವಸ್ಥಿಯ ಪದರ ಎದ್ದು ಬರುವುದು ಇನ್ನೊಂದು ರೂಪ. ಸುಮಾರು 20 ವಾರದೊಳಗೆ ಅಲ್ನಾಗೆ ಕೂಡಿಕೊಳ್ಳಬೇಕಾದ ಆಂಕೋನಿಯಲ್ ಚಾಚು ಬಿಡಿಯಾಗಿಯೇ ಉಳಿಯುವುದು ಮೂರನೆಯದು. ಇದು ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು.

ಇನ್ನೊಂದು ಬಗೆ, ಪೆಟ್ಟು ತಿಂದ ನಾಯಿಗಳು. ಸೋಫಾದಿಂದಲೋ ಮಕ್ಕಳ ಕೈಯಿಂದಲೋ ಜಿಗಿದು ಬಿದ್ದ ನಾಲ್ಕು ತಿಂಗಳ ಪಾಮರೇನಿಯನ್ ಮರಿಯಲ್ಲಿ ಹ್ಯೂಮರಸ್‌ನ ಹೊರಗೆಣ್ಣು ಮುರಿಯುವುದು, ಬೈಕ್ ಬಡಿದ ನಾಯಿಯಲ್ಲಿ ಕೀಲು ಜಾರಿ ಮುಂಗೈ ಎಲುಬುಗಳು ಹೊರಬದಿಗೆ ಸರಿಯುವುದು ಇದಕ್ಕೆ ಉದಾಹರಣೆಗಳು. ನಮ್ಮ ಸೀಮೆಯ ಹೆಮ್ಮೆಯಾದ ಮುಧೋಳ ನಾಯಿಗಳು ಬಹುತೇಕ ಈ ಎರಡನೆಯ ಗುಂಪಿನಲ್ಲಿಯೇ ಬರುತ್ತವೆ. ಕೀಲಿನ ಹುಟ್ಟುದೋಷ ಇಂಥ ಓಟದ ತಳಿಗಳಲ್ಲಿ ಅಪರೂಪ; ಆದರೆ ಮೊಲದ ಬೆನ್ನು ಹತ್ತಿ ಹೊಲದ ಬದುವು, ಕಾಲುವೆ ಹಾರುವ ವೇಗದಲ್ಲಿ ಎಡವಿದರೆ ತೆಳ್ಳನೆಯ ಆ ಕಾಲಿಗೆ ಆಗುವ ಪೆಟ್ಟು ಚಿಕ್ಕದಾಗಿರುವುದಿಲ್ಲ.

ಈ ವ್ಯತ್ಯಾಸವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮುರಿದ ಎಲುಬನ್ನು ಸ್ಕ್ರೂ ಹಾಕಿ ಸರಿಯಾಗಿ ಕೂಡಿಸಿದರೆ ಕೀಲು ಹಿಂದಿನ ಸ್ಥಿತಿಗೆ ಬಹಳ ಹತ್ತಿರ ಬರುವ ಸಾಧ್ಯತೆ ಇರುತ್ತದೆ. ಡಿಸ್ಪ್ಲೇಸಿಯಾದಲ್ಲಿ ಹಾಗಲ್ಲ. ಅಚ್ಚು ಸೊಟ್ಟಗಿರುವ ಚಕ್ಕಡಿಯ ಗಾಲಿಯಿಂದ ಉದುರಿದ ಚಕ್ಕೆಯನ್ನು ಆರಿಸಿ ತೆಗೆದರೆ ಕಿರುಗುಟ್ಟುವುದು ಕಡಿಮೆಯಾದೀತೇ ಹೊರತು ಅಚ್ಚು ನೆಟ್ಟಗಾಗುವುದಿಲ್ಲ. ಚೂರಾದ ಕೊರೊನಾಯ್ಡನ್ನು ತೆಗೆದುಹಾಕುವುದರಿಂದ ನೋವಿನ ಒಂದು ಮೂಲ ಹೋಗುತ್ತದೆ, ಆದರೆ ಕೀಲಿನ ಹೊಂದಾಣಿಕೆಯ ದೋಷ ಮತ್ತು ಆಗಲೇ ಆಗಿರುವ ಸವೆತ ಉಳಿದೇ ಇರುತ್ತವೆ. ಆದ್ದರಿಂದ ಇಂಥ ನಾಯಿಗಳಲ್ಲಿ ಶಸ್ತ್ರಚಿಕಿತ್ಸೆಯ ಗುರಿ ನೋವನ್ನು ತಗ್ಗಿಸಿ, ಕೀಲುವಾತ ಮುಂದುವರಿಯುವ ವೇಗವನ್ನು ಕುಗ್ಗಿಸುವುದು ಮಾತ್ರ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಸ್ಪಷ್ಟವಾಗಿ ಹೇಳದೆ ಹೋಗುವುದರಿಂದಲೇ ಆಮೇಲಿನ ಅರ್ಧ ನಿರಾಶೆ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ಆಸ್ಪತ್ರೆಯಿಂದ ಹೊರಡುವಾಗ ಬಿಲ್ಲಿನ ಜೊತೆಗೆ ಮೂರು ಸಂಗತಿಗಳನ್ನು ಬರೆಸಿಕೊಂಡು ಬರಬೇಕು: ಯಾವ ಶಸ್ತ್ರಚಿಕಿತ್ಸೆ ಆಯಿತು, ಒಳಗೆ ಮೃದ್ವಸ್ಥಿಯ ಸ್ಥಿತಿ ಹೇಗಿತ್ತು, ಲೋಹದ ವಸ್ತು ಏನಾದರೂ ಉಳಿದಿದೆಯೇ. ಗುಣವಾಗುವ ಕಾಲ ಇವುಗಳ ಮೇಲೆಯೇ ನಿಂತಿದೆ. ಆರ್ತ್ರೋಸ್ಕೋಪಿಯಿಂದ ಚೂರು ತೆಗೆಸಿಕೊಂಡ ನಾಯಿ ಒಂದೆರಡು ದಿನದಲ್ಲಿಯೇ ಕಾಲು ಊರಲು ತೊಡಗುತ್ತದೆ. ಅದೇ ಅಲ್ನಾ ಎಲುಬನ್ನು ಬೇಕೆಂದೇ ಅಡ್ಡ ಕೊಯ್ದು, ಅದು ತಾನಾಗಿ ಸರಿಯಾದ ಮಟ್ಟಕ್ಕೆ ಹೊಂದಿಕೊಳ್ಳಲು ಬಿಟ್ಟಿರುವ ನಾಯಿಯಲ್ಲಿ, ಆ ಕೊಯ್ದ ಜಾಗ ಕೂಡಿಕೊಳ್ಳುವವರೆಗೆ, ಅಂದರೆ ಆರರಿಂದ ಹನ್ನೆರಡು ವಾರದವರೆಗೂ ಕುಂಟು ಎದ್ದು ಕಾಣಬಹುದು. ಮೊದಲ ವಾರಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಇದ್ದುದಕ್ಕಿಂತ ಹೆಚ್ಚೇ ಕುಂಟಬಹುದು. ಈ ಎರಡು ನಾಯಿಗಳ ಒಡೆಯರು ಪರಸ್ಪರ ಭೇಟಿಯಾಗಿ ಹೋಲಿಸಿಕೊಂಡರೆ ಒಬ್ಬರಿಗೆ ಅನವಶ್ಯಕ ಭಯ, ಇನ್ನೊಬ್ಬರಿಗೆ ಅನವಶ್ಯಕ ಧೈರ್ಯ ಬರುತ್ತದೆ. ಗೆಣ್ಣು ಮುರಿದು ಸ್ಕ್ರೂ ಹಾಕಿಸಿಕೊಂಡ ಮರಿಯ ಎಲುಬು ನಾಲ್ಕರಿಂದ ಆರು ವಾರದಲ್ಲಿ ಕೂಡಬಹುದು, ಬೆಳೆದ ನಾಯಿಯಲ್ಲಿ ಎಂಟರಿಂದ ಹನ್ನೆರಡು ವಾರ ಬೇಕಾಗುತ್ತದೆ.

ಕುಂಟನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಮುಂಗಾಲು ನೋಯುತ್ತಿರುವ ನಾಯಿ ನೋವಿನ ಕಾಲನ್ನು ನೆಲಕ್ಕೆ ಊರುವಾಗ ತಲೆ ಎತ್ತುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ತಗ್ಗಿಸುತ್ತದೆ. ಎಷ್ಟೋ ಜನ ಇದನ್ನು ತಿರುಗಾಮುರುಗಾ ತಿಳಿದು, ಕುಂಟುತ್ತಿರುವ ಕಾಲು ಯಾವುದೆಂದೇ ತಪ್ಪಾಗಿ ಹೇಳುತ್ತಾರೆ. ಸಮತಟ್ಟಾದ, ಜಾರದ ನೆಲದ ಮೇಲೆ ಒಬ್ಬರು ಸಡಿಲ ಬೆಲ್ಟಿನಲ್ಲಿ ನಾಯಿಯನ್ನು ನಿಧಾನವಾಗಿ ನಡೆಸಬೇಕು. ಇನ್ನೊಬ್ಬರು ಎದುರಿನಿಂದ, ಹಿಂದಿನಿಂದ ಮತ್ತು ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ವಾರಕ್ಕೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಸಾಧ್ಯವಾದರೆ ಬೆಳಿಗ್ಗೆ ಎದ್ದ ಕೂಡಲೇ ತೆಗೆದ ವಿಡಿಯೋಗಳನ್ನು ಸಾಲಾಗಿ ನೋಡಿದರೆ ಮನಸ್ಸಿನ ಅಂದಾಜಿಗೆ ಸಿಗದ ಬದಲಾವಣೆ ಕಣ್ಣಿಗೆ ಕಾಣುತ್ತದೆ. ದೂರದ ಶಸ್ತ್ರವೈದ್ಯರಿಗೆ ಕಳಿಸಲಿಕ್ಕೂ “ಸ್ವಲ್ಪ ಕುಂಟುತ್ತದೆ” ಎಂಬ ಫೋನಿನ ಮಾತಿಗಿಂತ ಇದು ಎಷ್ಟೋ ಉಪಯುಕ್ತ.

ತಲೆಯಾಟವಷ್ಟೇ ಗುರುತಲ್ಲ. ನಿಂತಾಗ ಮೊಣಕೈಯನ್ನು ಎದೆಗೆ ಒತ್ತಿ ಪಂಜವನ್ನು ಹೊರಕ್ಕೆ ತಿರುಗಿಸುವುದು, ನಡೆಯುವಾಗ ಕಾಲನ್ನು ಮಡಚದೆ ಹೊರಗಿನಿಂದ ಸುತ್ತು ಹಾಕಿ ಮುಂದಿಡುವುದು, ಕುಳಿತು ಏಳುವಾಗ ಮೊದಲ ಹತ್ತು ಹೆಜ್ಜೆ ಬಿಗಿಯಾಗಿರುವುದು ಇವೆಲ್ಲ ಮೊಣಕೈ ನೋವಿನ ಲಕ್ಷಣಗಳು. ಹೆಗಲಿನ ಸ್ನಾಯುವನ್ನು ಎರಡೂ ಕೈಗಳಿಂದ ಎರಡೂ ಬದಿ ಏಕಕಾಲಕ್ಕೆ ಮುಟ್ಟಿ ನೋಡಿದರೆ ನೋವಿನ ಬದಿ ಕರಗಿರುವುದು ತಿಳಿಯುತ್ತದೆ. ಮೈಯಲ್ಲಿ ಕೊಬ್ಬೇ ಇಲ್ಲದ ಮುಧೋಳ ನಾಯಿಯಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ, ತುಂಬಿಕೊಂಡ ಲ್ಯಾಬ್ರಡಾರಿನಲ್ಲಿ ಟೇಪು ಹಿಡಿದು ಅಳೆಯಬೇಕು. ಕುಂಟು ಕಡಿಮೆಯಾಗಿದೆ ಎನ್ನುವಾಗಲೂ ಆ ಸ್ನಾಯು ಮತ್ತೆ ತುಂಬಿಕೊಳ್ಳದಿದ್ದರೆ ನಾಯಿ ಆ ಕಾಲನ್ನು ಇನ್ನೂ ಪೂರ್ತಿ ಬಳಸುತ್ತಿಲ್ಲ ಎಂದೇ ಲೆಕ್ಕ.

ಈಗ ಕಾಲಕ್ರಮಕ್ಕೆ ಬರೋಣ. ಮೊದಲ ಮೂರು ದಿನ ಕೀಲು ಊದಿಕೊಂಡು ಬಿಸಿಯಾಗಿರುವುದು, ಚರ್ಮದ ಕೆಳಗೆ ನೀಲಿಗಟ್ಟಿ ಆ ನೀಲಿ ಪಂಜದ ಕಡೆ ಇಳಿಯುವುದು ಸಹಜ. ಬಟ್ಟೆಯಲ್ಲಿ ಸುತ್ತಿದ ಐಸನ್ನು ದಿನಕ್ಕೆ ಮೂರು ನಾಲ್ಕು ಬಾರಿ ಹತ್ತು ಹದಿನೈದು ನಿಮಿಷ ಇಟ್ಟರೆ ಊತಕ್ಕೂ ನೋವಿಗೂ ಒಳ್ಳೆಯದು. ಈ ದಿನಗಳಲ್ಲಿ ಬಿಸಿ ಶಾಖ ಕೊಡಬಾರದು. ಹೊಲಿಗೆ ಬಿಚ್ಚುವ ಹತ್ತರಿಂದ ಹದಿನಾಲ್ಕನೆಯ ದಿನದವರೆಗೆ ನಾಯಿ ಗಾಯವನ್ನು ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಇರಲೇಬೇಕು. “ಪಾಪ, ಅದಕ್ಕ ಕಿರಿಕಿರಿ ಆಗತೈತಿ” ಎಂದು ರಾತ್ರಿ ಅದನ್ನು ತೆಗೆದಿಡುವ ಮನೆಗಳಲ್ಲಿಯೇ ಗಾಯ ಬಿಚ್ಚಿಕೊಳ್ಳುವುದು ಹೆಚ್ಚು.

ಎರಡನೆಯ ವಾರದ ಕೊನೆಗೆ ನಾಯಿ ಪ್ರತಿ ಹೆಜ್ಜೆಗೂ ಕಾಲು ಊರುತ್ತಿರಬೇಕು, ಕುಂಟಿದರೂ ಚಿಂತೆಯಿಲ್ಲ. ಮೂರನೆಯ ವಾರದಲ್ಲಿ ಅತಿ ದೊಡ್ಡ ಅಪಾಯ ಬರುತ್ತದೆ, ಮತ್ತು ಅದು ನಾಯಿ ಚೆನ್ನಾಗಿರುವುದರಿಂದಲೇ ಬರುತ್ತದೆ. ಗಾಯ ಮಾಗಿದೆ, ನೋವಿನ ಔಷಧಿ ನಡೆದಿದೆ, ನಾಯಿಗೆ ಹುರುಪು ಬಂದಿದೆ. ಮನೆಯವರಿಗೂ ಅದನ್ನು ಕಟ್ಟಿ ಹಾಕಿ ಬೇಸರವಾಗಿದೆ. ಆದರೆ ಕೀಲಿನೊಳಗೆ ಕೆರೆದು ಬಿಟ್ಟ ಜಾಗದಲ್ಲಿ ಹೊಸ ನಾರುಮೃದ್ವಸ್ಥಿ ತುಂಬಿಕೊಳ್ಳುವ ಕೆಲಸ ಆಗತಾನೇ ಶುರುವಾಗಿರುತ್ತದೆ, ಸ್ಕ್ರೂ ಹಾಕಿದ ಎಲುಬಿನ ನಡುವೆ ಇನ್ನೂ ಮೆತ್ತನೆಯ ಕೂಡಿಕೆ ಮಾತ್ರ ಇರುತ್ತದೆ. ಓಣಿಯ ನಾಯಿ ಬೊಗಳಿದ್ದಕ್ಕೆ ಒಮ್ಮೆ ಗೇಟಿನ ಕಡೆ ನೆಗೆದು ಓಡಿದರೂ ಹಿಂದಿನ ವಾರಗಳ ಗಳಿಕೆ ಹೋಗಬಹುದು. ಆದ್ದರಿಂದ ಕನಿಷ್ಠ ಆರು ವಾರ, ಎಲುಬು ಕೊಯ್ದಿದ್ದರೆ ಅಥವಾ ಕೂಡಿಸಿದ್ದರೆ ಎಕ್ಸ್-ರೇಯಲ್ಲಿ ಕೂಡಿದ್ದು ಕಾಣುವವರೆಗೆ, ನಾಯಿ ಬೆಲ್ಟಿನಲ್ಲಿಯೇ ನಡೆಯಬೇಕು. ಮೊದಲು ಐದು ನಿಮಿಷದ ನಡಿಗೆ ದಿನಕ್ಕೆ ಮೂರು ಸಲ; ಮರುದಿನ ಬೆಳಿಗ್ಗೆ ಕುಂಟು ಹೆಚ್ಚಾಗದಿದ್ದರೆ ವಾರಕ್ಕೆ ಐದು ನಿಮಿಷದಂತೆ ಏರಿಸುತ್ತ ಹೋಗಬಹುದು. ಮರುದಿನದ ಬೆಳಗ್ಗೆ ನಾಯಿ ಹೇಗಿದೆ ಎಂಬುದೇ ಇಲ್ಲಿ ಅಳತೆಗೋಲು. ನಡಿಗೆಯ ಹೊತ್ತಿನ ಉತ್ಸಾಹವನ್ನು ನಂಬಬಾರದು.

ಪೂರ್ತಿ ಕಟ್ಟಿ ಹಾಕುವುದೂ ಸರಿಯಲ್ಲ. ಮೊಣಕೈ ಬಹಳ ಬೇಗ ಬಿಗಿದುಕೊಳ್ಳುವ ಕೀಲು. ಆರೋಗ್ಯವಂತ ಲ್ಯಾಬ್ರಡಾರಿನ ಮೊಣಕೈ ಮಡಚಿದಾಗ ಸುಮಾರು 36 ಡಿಗ್ರಿಯವರೆಗೂ, ಚಾಚಿದಾಗ ಸುಮಾರು 165 ಡಿಗ್ರಿಯವರೆಗೂ ಹೋಗುತ್ತದೆ. ವಾರಗಟ್ಟಲೆ ಕಟ್ಟು ಹಾಕಿದ ಕಾಲಿನಲ್ಲಿ ಈ ವಿಸ್ತಾರ ಕುಗ್ಗಿ, ನೋವಿಲ್ಲದಿದ್ದರೂ ಕುಂಟು ಉಳಿದುಬಿಡುತ್ತದೆ; ಬೆಳೆಯುವ ಮರಿಗಳಲ್ಲಂತೂ ಇದು ಇನ್ನೂ ಬೇಗ. ಜಾರಿದ ಕೀಲನ್ನು ಕೂಡಿಸಿದ ಮೇಲೆ ಎರಡು ವಾರ ಕಾಲನ್ನು ನೆಟ್ಟಗೆ ಕಟ್ಟಿಡುವುದು ಅನಿವಾರ್ಯ, ಉಳಿದ ಹೆಚ್ಚಿನ ಪ್ರಸಂಗಗಳಲ್ಲಿ ವೈದ್ಯರು ಅನುಮತಿಸಿದ ದಿನದಿಂದಲೇ ಕೀಲನ್ನು ಕೈಯಿಂದ ಮೆಲ್ಲಗೆ ಮಡಚಿ ಚಾಚುವ ವ್ಯಾಯಾಮ ಶುರುವಾಗಬೇಕು. ನಾಯಿಯನ್ನು ಒಳ್ಳೆಯ ಬದಿಯ ಮೇಲೆ ಮಲಗಿಸಿ, ಒಂದು ಕೈಯಿಂದ ಮೊಣಕೈ ಮೇಲ್ಭಾಗವನ್ನೂ ಇನ್ನೊಂದರಿಂದ ಮುಂಗೈಯನ್ನೂ ಹಿಡಿದು, ನೋವಿನ ಗುರುತು ಕಾಣುವ ಮೊದಲೇ ನಿಲ್ಲಿಸುತ್ತ ಹತ್ತು ಹದಿನೈದು ಬಾರಿ, ದಿನಕ್ಕೆ ಎರಡು ಮೂರು ಸಲ ಮಾಡಿದರೆ ಸಾಕು. ತಿರುಗಿ ನೋಡುವುದು, ತುಟಿ ನೆಕ್ಕುವುದು, ಕಾಲು ಎಳೆದುಕೊಳ್ಳುವುದು ಇವೇ ಆ ಗುರುತುಗಳು. ಊತ ಇಳಿದ ಮೇಲೆ ವ್ಯಾಯಾಮಕ್ಕೆ ಮೊದಲು ಬೆಚ್ಚಗಿನ ಬಟ್ಟೆಯ ಶಾಖ ಕೊಡಬಹುದು. ಕಾಲು ಜಗ್ಗಿ, ಎಣ್ಣೆ ತಿಕ್ಕಿ, ಬಿದಿರಿನ ದಬ್ಬೆ ಕಟ್ಟುವವರ ಕೈಗೆ ಶಸ್ತ್ರಚಿಕಿತ್ಸೆಯಾದ ಕೀಲನ್ನು ಎಂದಿಗೂ ಕೊಡಬಾರದು. ಒಳಗೆ ಸ್ಕ್ರೂ ಇರುವುದು ಅವರ ಕೈಗೆ ತಿಳಿಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಕುಂಟು ಉಳಿದರೆ ಕಾರಣ ಹುಡುಕಬೇಕು, ಮತ್ತು ಕಾರಣಗಳು ಒಂದೇ ತೂಕದವಲ್ಲ.

ತುರ್ತಾದದ್ದು ಸೋಂಕು. ಸುಧಾರಿಸುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕಾಲನ್ನು ನೆಲಕ್ಕೇ ಊರದಂತಾಗಿ, ಕೀಲು ಬಿಸಿಯಾಗಿ ಊದಿ, ಊಟ ಬಿಟ್ಟು ಮಂಕಾದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ನಾಯಿಯ ಸಹಜ ದೇಹೋಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಜ್ವರ ಎನಿಸುವುದು ಅದಕ್ಕೆ ಜ್ವರವಲ್ಲ, ಆದರೆ 103 ದಾಟಿದರೆ ಗಮನಿಸಬೇಕು. ಜ್ವರವಿಲ್ಲದ ಮಾತ್ರಕ್ಕೆ ಸೋಂಕಿಲ್ಲ ಎಂದೂ ತಿಳಿಯಬಾರದು. ಸೂಜಿಯಿಂದ ಕೀಲಿನ ದ್ರವ ತೆಗೆದು ಪರೀಕ್ಷಿಸಿದರೆ ವಿಷಯ ಖಚಿತವಾಗುತ್ತದೆ. ಕೀವು ತುಂಬಿದ ಕೀಲಿನಲ್ಲಿ ಮೃದ್ವಸ್ಥಿ ದಿನಗಳ ಲೆಕ್ಕದಲ್ಲಿ ನಾಶವಾಗುವುದರಿಂದ, ಸೋಮವಾರದವರೆಗೆ ಕಾಯೋಣ ಎನ್ನುವ ಸಂದರ್ಭ ಇದಲ್ಲ.

ಲೋಹ ಹಾಕಿದ ನಾಯಿಯಲ್ಲಿ ಸ್ಕ್ರೂ ಸಡಿಲವಾಗುವುದು, ಮುರಿಯುವುದು, ಪಿನ್ ಜಾರಿ ಚರ್ಮಕ್ಕೆ ಚುಚ್ಚುವುದು ಇನ್ನೊಂದು ಕಾರಣ. ಇದೂ ಥಟ್ಟನೆ ಹೆಚ್ಚುವ ಕುಂಟಾಗಿಯೇ ಕಾಣಿಸಿಕೊಳ್ಳುತ್ತದೆ. ಹಿಂದಿನ ಎಕ್ಸ್-ರೇ ಕೈಯಲ್ಲಿದ್ದರೆ ಊರಿನ ವೈದ್ಯರೇ ಹೊಸದರೊಂದಿಗೆ ಹೋಲಿಸಿ ಹೇಳಬಲ್ಲರು. ಅದಕ್ಕಾಗಿ ಶಸ್ತ್ರಚಿಕಿತ್ಸೆಯ ದಿನದ ಎಕ್ಸ್-ರೇಯ ಪ್ರತಿಯನ್ನು ಮೊಬೈಲಿನಲ್ಲಾದರೂ ಇಟ್ಟುಕೊಳ್ಳಬೇಕು. ಪಂಜದ ಮೇಲ್ಭಾಗವನ್ನು ನೆಲಕ್ಕೆ ಉಜ್ಜುತ್ತ ನಡೆಯುವ ನಾಯಿಯ ಸಮಸ್ಯೆ ಕೀಲಿನದಲ್ಲ, ನರದ್ದು. ಮೊಣಕೈ ಹತ್ತಿರ ಹಾದುಹೋಗುವ ರೇಡಿಯಲ್ ನರಕ್ಕೆ ಪೆಟ್ಟಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಘಾಸಿಯಾಗಿರಬಹುದು. ಹಲವು ಬಾರಿ ಅದು ವಾರಗಳಲ್ಲಿ ತಾನಾಗಿ ಚೇತರಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಪಂಜಕ್ಕೆ ಗಾಯವಾಗದಂತೆ ಕಾಯಬೇಕು.

ಆದರೆ ಬಹುತೇಕ ಮನೆಗಳಲ್ಲಿ ಎದುರಾಗುವುದು ಈ ತುರ್ತು ಕಾರಣಗಳಲ್ಲ. ಮೂರು ತಿಂಗಳಾದರೂ ನಾಯಿ ಸಣ್ಣಗೆ ಕುಂಟುತ್ತಲೇ ಇದೆ, ಊತವಿಲ್ಲ, ಜ್ವರವಿಲ್ಲ, ಊಟ ಚೆನ್ನಾಗಿದೆ. ಇಂಥಲ್ಲಿ ಮೊದಲು ಕೇಳಬೇಕಾದದ್ದು, ಕುಂಟುತ್ತಿರುವುದು ಅದೇ ಕಾಲೇ ಎಂದು. ಡಿಸ್ಪ್ಲೇಸಿಯಾ ಅನೇಕ ನಾಯಿಗಳಲ್ಲಿ ಎರಡೂ ಮೊಣಕೈಗಳಲ್ಲಿ ಇರುತ್ತದೆ. ಒಂದರ ನೋವು ಹೆಚ್ಚಿದ್ದಾಗ ಇನ್ನೊಂದು ಕಾಲಿನ ನೋವು ಮರೆಯಾಗಿರುತ್ತದೆ; ಶಸ್ತ್ರಚಿಕಿತ್ಸೆಯಿಂದ ಒಂದು ಸುಧಾರಿಸಿದ ಕೂಡಲೇ ಇನ್ನೊಂದು ಬದಿಯ ಕುಂಟು ಮೇಲೆ ಬರುತ್ತದೆ. ಎರಡೂ ಕಾಲು ಸಮನಾಗಿ ನೋಯುವ ನಾಯಿಯಲ್ಲಿ ತಲೆಯಾಟವೇ ಇರುವುದಿಲ್ಲ, ಹೆಜ್ಜೆ ಚಿಕ್ಕದಾಗಿ ನಡಿಗೆ ಬಿಗಿಯಾಗಿರುತ್ತದೆ ಅಷ್ಟೆ. ಇದನ್ನು ಶಸ್ತ್ರಚಿಕಿತ್ಸೆಯ ಸೋಲೆಂದು ಬಗೆಯುವುದು ಅನ್ಯಾಯ.

ಎರಡನೆಯದು, ಶಸ್ತ್ರಚಿಕಿತ್ಸೆಯ ಹೊತ್ತಿಗೇ ಆಗಿದ್ದ ಸವೆತ. ಕೊರೊನಾಯ್ಡಿನ ಎದುರಿಗಿರುವ ಹ್ಯೂಮರಸ್‌ನ ಮೃದ್ವಸ್ಥಿಯೂ ಉಜ್ಜಿಹೋಗಿ ಎಲುಬು ಎಲುಬಿಗೆ ತಾಗುತ್ತಿದ್ದರೆ, ಚೂರನ್ನು ತೆಗೆದ ಮೇಲೂ ನೋವು ಉಳಿಯುತ್ತದೆ. ಎಂಟು ತಿಂಗಳ ನಾಯಿಗೆ ಸಿಗುವ ಫಲ ಐದು ವರ್ಷದ ನಾಯಿಗೆ ಸಿಗದಿರುವುದಕ್ಕೆ ಇದೇ ಕಾರಣ. ಸಾಧಾರಣ ಎಕ್ಸ್-ರೇಯಲ್ಲಿ ಕೊರೊನಾಯ್ಡಿನ ಬಿರುಕು ಅನೇಕ ಬಾರಿ ಕಾಣುವುದೇ ಇಲ್ಲ, ಅದರ ಪರಿಣಾಮವಾದ ಕೀಲುವಾತ ಮಾತ್ರ ಕಾಣುತ್ತದೆ. ಹೀಗಾಗಿ “ಎಕ್ಸ್-ರೇ ಚೆನ್ನಾಗಿದೆ” ಎಂಬ ಮಾತಿನ ಮೇಲೆ ತಿಂಗಳುಗಟ್ಟಲೆ ಕಾದ ನಾಯಿಗಳು ಶಸ್ತ್ರಚಿಕಿತ್ಸೆಗೆ ತಡವಾಗಿ ಬರುತ್ತವೆ. ಇನ್ನು, ಹೆಗಲಿನ ನೋವು ಮೊಣಕೈ ನೋವಿನಂತೆಯೇ ಕಾಣುವುದುಂಟು, ಅದನ್ನೂ ಪರೀಕ್ಷೆ ಮಾಡಿಸಬೇಕು.

ಮೊಣಕೈ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ, ನೋವಿಲ್ಲದ, ನೀರು ತುಂಬಿದಂತಹ ಗಡ್ಡೆ ಕಂಡರೆ ಗಾಬರಿಯಾಗಬೇಕಿಲ್ಲ. ಗಟ್ಟಿ ನೆಲದ ಮೇಲೆ ಮಲಗುವ ದೊಡ್ಡ ನಾಯಿಗಳಿಗೆ ಹೀಗಾಗುತ್ತದೆ, ಕೀಲಿನೊಳಗಿನ ಶಸ್ತ್ರಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ. ದಪ್ಪ ಹಾಸಿಗೆ ಹಾಕಿದರೆ ಕ್ರಮೇಣ ಇಳಿಯುತ್ತದೆ; ಸೂಜಿ ಚುಚ್ಚಿ ನೀರು ತೆಗೆಯಲು ಹೋದರೆ ಸೋಂಕಿಗೆ ದಾರಿಯಾಗುತ್ತದೆ.

ನೆಲದ ಮಾತು ಬಂದಾಗ ನಮ್ಮ ಭಾಗದ ಮನೆಗಳ ಬಗ್ಗೆ ಹೇಳಲೇಬೇಕು. ಹಳೆಯ ಮನೆಗಳ ನುಣುಪು ಕಲ್ಲುಹಾಸು, ಹೊಸ ಮನೆಗಳ ಇಳಕಲ್ ಗ್ರಾನೈಟು ಮತ್ತು ಹೊಳೆಯುವ ಟೈಲ್ಸು ಬೇಸಿಗೆಯಲ್ಲಿ ಮೈಗೆ ತಂಪು ನಿಜ, ಆದರೆ ಶಸ್ತ್ರಚಿಕಿತ್ಸೆಯಾದ ಮೊಣಕೈಗೆ ವೈರಿಗಳು. ಜಾರುವ ನೆಲದ ಮೇಲೆ ಮುಂಗಾಲು ಪಕ್ಕಕ್ಕೆ ಸರಿದಾಗಲೆಲ್ಲ ಕೀಲಿನ ಒಳಬದಿಗೆ ಎಳೆತ ಬೀಳುತ್ತದೆ. ನಾಯಿ ಮಲಗುವ, ಉಣ್ಣುವ, ಬಾಗಿಲಿಗೆ ಹೋಗುವ ದಾರಿಯಲ್ಲಿ ಗೋಣಿತಟ್ಟು, ಜಮಖಾನ, ಹಳೆಯ ಕಂಬಳಿ ಹಾಸಿ ಅಂಚನ್ನು ಭಾರ ಇಟ್ಟು ಸರಿಯದಂತೆ ಮಾಡಿದರೆ ಸಾಕು, ದುಬಾರಿ ಮ್ಯಾಟು ಬೇಕಿಲ್ಲ. ಪಂಜದ ಬೆರಳ ಸಂದಿಯ ಕೂದಲನ್ನೂ ಉಗುರನ್ನೂ ಕತ್ತರಿಸಿದರೆ ಹಿಡಿತ ಹೆಚ್ಚುತ್ತದೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಾಯಿಯನ್ನು ನಿಲ್ಲಿಸಿಕೊಂಡು ಹೋಗುವ ರೂಢಿ ಬೆಳಗಾವಿಯಲ್ಲೂ ಇದೆ, ವಿಜಯಪುರದಲ್ಲೂ ಇದೆ. ಅಲ್ಲಿಂದ ಅದು ಕೆಳಕ್ಕೆ ಹಾರುವಾಗ ಇಡೀ ಮೈಭಾರ ಎರಡು ಮೊಣಕೈಗಳ ಮೇಲೆ ಬೀಳುತ್ತದೆ. ಕಟ್ಟೆ, ಮಂಚ, ಕಾರು ಎಲ್ಲದಕ್ಕೂ ಇದೇ ಮಾತು: ಹತ್ತುವುದಕ್ಕಿಂತ ಇಳಿಯುವುದೇ ಮುಂಗಾಲಿಗೆ ಕಷ್ಟ. ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ನಡಿಗೆಯನ್ನು ಸೂರ್ಯೋದಯದ ಹೊತ್ತಿಗೆ ಮುಗಿಸಬೇಕು, ಡಾಂಬರಿನ ಬದಲು ಮಣ್ಣಿನ ದಾರಿ ಹಿಡಿಯಬೇಕು.

ಈಜು ಮೊಣಕೈಗೆ ಒಳ್ಳೆಯ ವ್ಯಾಯಾಮ ಎಂಬುದನ್ನು ಕೇಳಿದವರು ಘಟಪ್ರಭೆಗೋ ಮಲಪ್ರಭೆಗೋ ನಾಯಿಯನ್ನು ಇಳಿಸುವ ಮುಂಚೆ ಯೋಚಿಸಬೇಕು. ನೀರಿನಲ್ಲಿ ಭಾರ ಕಡಿಮೆಯಾಗುವುದು ನಿಜವಾದರೂ ಮುಂಗಾಲು ಬೀಸುವ ಬಿರುಸು ಹೆಚ್ಚು. ಗಾಯ ಪೂರ್ತಿ ಮಾಗಿ, ಎಲುಬು ಕೂಡಿದ ಮೇಲೆಯೇ, ವೈದ್ಯರ ಒಪ್ಪಿಗೆ ಪಡೆದು, ಶುದ್ಧ ನೀರಿನ ತೊಟ್ಟಿಯಲ್ಲಿ ನಿಮಿಷಗಳ ಲೆಕ್ಕದಲ್ಲಿ ಶುರು ಮಾಡಬೇಕು. ಕೃಷ್ಣೆಯಲ್ಲಿ ಮೊಸಳೆಗಳಿರುವುದು ಬೇರೆ ಮಾತು.

ನೋವಿನ ಔಷಧಿಯ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್‌ನಂತಹ ಔಷಧಿಗಳನ್ನು ನಾಯಿಯ ತೂಕ ನೋಡಿ, ಊಟದ ಜೊತೆಗೆ, ವೈದ್ಯರು ಹೇಳಿದ ದಿನಗಳವರೆಗೆ ಕೊಡಬೇಕು. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಬೇಗ ಗುಣವಾಗಲೆಂದು ಬೇರೊಬ್ಬರಿಂದ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸುವುದು ಇನ್ನೂ ಅಪಾಯಕರ, ಏಕೆಂದರೆ ಈ ಎರಡೂ ಬಗೆಯ ಔಷಧಿ ಮೈಯಲ್ಲಿ ಕೂಡಿದರೆ ಕರುಳು ತೂತಾಗುವವರೆಗೂ ಹೋಗಬಹುದು. ವಾಂತಿ, ಊಟ ಬಿಡುವುದು, ಡಾಂಬರಿನಂಥ ಕಪ್ಪು ಮಲ ಕಂಡರೆ ಔಷಧಿ ನಿಲ್ಲಿಸಿ ಕೂಡಲೇ ತಿಳಿಸಬೇಕು.

ದೀರ್ಘಕಾಲದಲ್ಲಿ ಯಾವ ಮಾತ್ರೆಗಿಂತಲೂ ದೊಡ್ಡ ಔಷಧಿ ತೂಕ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದ ನಾಯಿಗಳಿಗೆ ಕೀಲುವಾತ ತಡವಾಗಿ ಬಂದಿತ್ತು; ಅವುಗಳ ಮಧ್ಯಾಂಕ ಆಯುಸ್ಸು 13 ವರ್ಷವಾದರೆ ಉಳಿದವುಗಳದು 11.2 ವರ್ಷ. ಕಟ್ಟಿಹಾಕಿದ ನಾಯಿಗೆ ಮೊದಲಿನಷ್ಟೇ ಜೋಳದ ರೊಟ್ಟಿ, ಹಾಲು, ಮೇಲಿಂದ ಕನಿಕರದ ಬಿಸ್ಕೀಟು ಹಾಕುತ್ತ ಹೋದರೆ ಆರು ವಾರದಲ್ಲಿ ಎರಡು ಮೂರು ಕಿಲೋ ಏರುವುದು ಕಷ್ಟವಲ್ಲ. ಪಕ್ಕೆಲುಬು ಕಣ್ಣಿಗೆ ಕಾಣದೆ, ಅಂಗೈಯಾಡಿಸಿದರೆ ಸುಲಭವಾಗಿ ಸಿಗುವಂತಿರಬೇಕು. ದೊಡ್ಡ ತಳಿಯ ಮರಿಗಳಿಗೆ ಎಲುಬು ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಟಾನಿಕ್ ಕುಡಿಸುವ ರೂಢಿಯನ್ನಂತೂ ಬಿಡಬೇಕು. ಸಮತೋಲಿತ ಆಹಾರ ತಿನ್ನುವ ಮರಿಗೆ ಹೆಚ್ಚುವರಿ ಕ್ಯಾಲ್ಸಿಯಂ ಕೊಟ್ಟರೆ ಎಲುಬಿನ ಬೆಳವಣಿಗೆ ಏರುಪೇರಾಗಿ, ತಪ್ಪಿಸಬೇಕೆಂದಿದ್ದ ಕೀಲಿನ ದೋಷವೇ ಹೆಚ್ಚುತ್ತದೆ.

ಶಸ್ತ್ರಚಿಕಿತ್ಸೆಯಾದ ಆರು ತಿಂಗಳ ಹೊತ್ತಿಗೆ ನಾಯಿ ತಲುಪುವ ಮಟ್ಟವೇ ಬಹುಮಟ್ಟಿಗೆ ಅದರ ಮುಂದಿನ ಬದುಕಿನ ಮಟ್ಟ. ಡಿಸ್ಪ್ಲೇಸಿಯಾ ಇದ್ದ ನಾಯಿಗಳಲ್ಲಿ ಕೀಲುವಾತ ಎಕ್ಸ್-ರೇಯಲ್ಲಿ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ, ಆದರೆ ಎಕ್ಸ್-ರೇಯ ಚಿತ್ರಕ್ಕೂ ನಾಯಿಯ ನೋವಿಗೂ ನೇರ ಲೆಕ್ಕವಿಲ್ಲ. ಬೆಳಗಾವಿಯ ಚಳಿಗಾಲದ ಬೆಳಗುಗಳಲ್ಲಿ ಬಿಗಿತ, ಅತಿಯಾಗಿ ಓಡಿದ ಮರುದಿನ ಕುಂಟು, ಎರಡು ದಿನದ ವಿಶ್ರಾಂತಿಯಲ್ಲಿ ಅದು ಇಳಿಯುವುದು, ಇಷ್ಟರ ಮಟ್ಟಿಗಿನ ಏರಿಳಿತದೊಂದಿಗೆ ಸುಖವಾಗಿ ಬಾಳುವ ನಾಯಿಗಳು ಬಹಳ ಇವೆ. ಕೃತಕ ಕೀಲು ಜೋಡಣೆ ಮತ್ತು ಕೀಲನ್ನೇ ಖಾಯಂ ಬೆಸೆಯುವ ಶಸ್ತ್ರಚಿಕಿತ್ಸೆಗಳು ಇವೆಯಾದರೂ ಅವು ತೊಡಕಿನವು. ಬೇರೆಲ್ಲ ದಾರಿ ಮುಗಿದ ನಾಯಿಗಳಿಗೆ ಮೀಸಲು.

ಡಿಸ್ಪ್ಲೇಸಿಯಾ ಇರುವ ನಾಯಿಯಿಂದ ಮರಿ ಮಾಡಿಸಬಾರದು, ಅದು ಎಷ್ಟೇ ಚೆಂದವಿದ್ದರೂ, ಶಸ್ತ್ರಚಿಕಿತ್ಸೆಯಿಂದ ಎಷ್ಟೇ ಸುಧಾರಿಸಿದ್ದರೂ. ದೋಷಕ್ಕೆ ಅನೇಕ ಜೀನುಗಳ ಪಾಲಿದೆ, ಕತ್ತರಿ ಅವುಗಳನ್ನು ಮುಟ್ಟುವುದಿಲ್ಲ. ಲ್ಯಾಬ್ರಡಾರ್ ಅಥವಾ ರಾಟ್‌ವೈಲರ್ ಮರಿ ಕೊಳ್ಳುವವರು ಅದರ ತಂದೆತಾಯಿಯ ಎರಡೂ ಮೊಣಕೈಗಳ ಎಕ್ಸ್-ರೇ ಕೇಳಬಹುದು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮೊಣಕೈಗಳಿಗೆ 0ರಿಂದ 3ರವರೆಗೆ ದರ್ಜೆ ಕೊಡುತ್ತಾರೆ, ಸೊನ್ನೆ ಎಂದರೆ ದೋಷವಿಲ್ಲದ್ದು. ಆ ಎಕ್ಸ್-ರೇ ತೆಗೆಯುವಾಗ ನಾಯಿಗೆ ಕನಿಷ್ಠ 12 ತಿಂಗಳು ತುಂಬಿರಬೇಕು.